ಗೌರವದಿಂದ ಕಿತ್ತ ಮೂರು ಸೇಬುಗಳ ವಿಷಯ

ಗ್ರೀನ್‌ಲ್ಯಾಚ್ ಗ್ರಾಮವಾಸ ಸಂಸ್ಥೆಯ
‘ಅತಿಥಿಗಳಿಂದ ಋತುಮಾನಾನುಸಾರ ಗೌರವಯುತ ಕೊಯ್ಲು’ ವಿಭಾಗದ ಮುಖ್ಯಸ್ಥರಿಗೆ

ಮಾನ್ಯರೇ,

ತಾವೂ, ತಮ್ಮ ವಿಭಾಗದವರೂ, ತಮ್ಮ ಲಾಂಛನದಲ್ಲಿ ಎರಡೇ ಎರಡು ಎಲೆ ಬಿಟ್ಟುಕೊಂಡು ನಗುತ್ತಿರುವ ಆ ಸಸಿಯೂ ಸೌಖ್ಯವಾಗಿರುವಿರೆಂದು ನಂಬಿ, ಮಾಲ್ದೋವಾದ ವಾಲ್ಯಾ ಮೆರುಲುಯ್ ಹಳ್ಳಿಯ ಆಕ್ಸೀನಿಯಾ ಎಂಬ ಎಪ್ಪತ್ತೆಂಟು ವರ್ಷದ ಹಿರಿಯರ ಮೊಮ್ಮಗಳೂ, ಅವರ ಎರಡು ಕೋಣೆಗಳ ಅತಿಥಿಗೃಹವನ್ನು ತಮ್ಮ ಜಾಲತಾಣದಲ್ಲಿ ನೋಂದಾಯಿಸಿದವಳೂ ಆದ ನಾನು ಈ ಪತ್ರವನ್ನು ಬರೆಯುತ್ತಿದ್ದೇನೆ. ಇದು ದೂರಿನ ಪತ್ರ. ದೂರು ಯಾರ ಮೇಲೆ ಎಂಬುದು ನನಗೇ ಇನ್ನೂ ಖಚಿತವಾಗಿಲ್ಲದ ಕಾರಣ, ಸದ್ಯಕ್ಕೆ ತಮ್ಮ ಮೇಲೆ ಎಂದು ಇಟ್ಟುಕೊಳ್ಳಬೇಕಾಗಿ ವಿನಂತಿ.

ತಮ್ಮ ಹನ್ನೆರಡು ಪುಟಗಳ ಮಾರ್ಗಸೂಚಿಯನ್ನು ಹೊಗಳದೆ ಮುಂದೆ ಹೋದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಹಿತ್ತಿಲಿಗೆ ಕಾಲಿಡುವ ಮೊದಲು ಕೇಳಬೇಕು, ಹಣ್ಣನ್ನು ಜಗ್ಗದೆ ಮೆಲ್ಲಗೆ ತಿರುಗಿಸಿ ಬಿಡಿಸಬೇಕು, ಸೊಪ್ಪನ್ನು ಬೇರುಸಮೇತ ಎಳೆಯದೆ ಕತ್ತರಿಯಿಂದ ಕತ್ತರಿಸಬೇಕು, ಮೂರರಲ್ಲೊಂದು ಪಾಲನ್ನು ಹಕ್ಕಿಗಳಿಗೆ ಬಿಡಬೇಕು, ಮತ್ತು ಏಳನೆಯ ಅಂಶದಲ್ಲಿ ದಪ್ಪಕ್ಷರದಲ್ಲಿ ಅಪ್ಪಣೆಯಾಗಿರುವಂತೆ, ಕಿತ್ತದ್ದರ ಮೊದಲ ತುತ್ತನ್ನು ಆತಿಥೇಯರ ಕೈಗೇ ಕೊಡಬೇಕು. ನಾನು ಎಂಟನೆಯ ವಯಸ್ಸಿನಿಂದ ಅಪ್ಪನ ಊರಾದ ಇಂಗ್ಲೆಂಡಿನ ಹಾಸ್ಟೆಲುಗಳಲ್ಲಿ ಬೆಳೆದವಳು. ಅಲ್ಲಿ ಹಣ್ಣು ಮರದಲ್ಲಿ ಬಿಡುವುದಿಲ್ಲ, ಊಟದ ಕೋಣೆಯ ಟ್ರೇಯಲ್ಲಿ ಬಿಡುತ್ತದೆ, ತಲೆಗೆ ಒಂದರಂತೆ. ಹಾಗಾಗಿ ತಮ್ಮ ಮಾರ್ಗಸೂಚಿಯನ್ನು ಓದಿ ನನ್ನ ಕಣ್ಣು ತೇವವಾಯಿತು, ಮತ್ತು ಅದೇ ತೇವದಲ್ಲಿ ಎಲ್ಲ ಚೌಕಗಳಿಗೂ ಟಿಕ್ ಹಾಕಿದೆ. ಅಜ್ಜಿಗೆ ಅದನ್ನು ಓದಿ ಹೇಳಿದಾಗ ಅವರು ಮಾತ್ರ, “ಹಣ್ಣು ಕೀಳೋಕೆ ಹನ್ನೆರಡು ಪುಟಾನಾ? ನನ್ನ ಮದ್ವೇಲಿ ಪಾದ್ರಿನೇ ಇಷ್ಟು ಓದ್ಲಿಲ್ಲ,” ಎಂದರು. ಇದನ್ನು ತಾವು ಮೆಚ್ಚುಗೆ ಎಂದೇ ತೆಗೆದುಕೊಳ್ಳಬೇಕು.

ತೊಂದರೆ ಶುರುವಾದದ್ದು ತಮ್ಮ ನಮೂನೆಯ ಮೂರನೆಯ ಪುಟದಲ್ಲಿ. ಹಿತ್ತಿಲಿನ ಒಂದೊಂದು ಬೆಳೆಯ ಎದುರೂ ‘ಕೀಳಲು ಮುಕ್ತವಾಗುವ ದಿನಾಂಕ’ ಎಂಬ ಚೌಕವಿದೆ, ಮತ್ತು ಆ ಚೌಕ ಅಂಕೆಯನ್ನಲ್ಲದೆ ಬೇರೇನನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನನ್ನ ಅಜ್ಜಿಯಾದರೋ ತಾರೀಖು ಹೇಳುವವರಲ್ಲ. ಮುರಬ್ಬಕ್ಕೆ ಹಸಿರು ಅಕ್ರೋಟು ಎಲ್ಲಿಯವರೆಗೆ ಕೀಳಬಹುದು ಎಂದರೆ, “ಸೂಜಿ ಚುಚ್ಚಿದ್ರೆ ಆ ಕಡೆಯಿಂದ ಬರೋ ತನಕ.” ಕಷಾಯಕ್ಕೆ ಲಿಂಡೆನ್ ಮರದ ಹೂ ಯಾವಾಗ ಎಂದರೆ, “ಮರದ ಕೆಳಗೆ ನಿಂತ್ರೆ ಜೇನುನೊಣದ ಸದ್ದಿಗೆ ನಿನ್ ಮಾತು ನಿನಗೇ ಕೇಳಿಸ್ಬಾರ್ದು, ಆವಾಗ.” ಸೇಬು ಯಾವಾಗ ಎಂದಾಗ ಮಾತ್ರ ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ಕಡೆ ತಿರುಗಿ, “ಪೇತ್ರನ ಹಬ್ಬದ ತನಕ ಸೇಬಿಗೆ ಯಾರೂ ಕೈ ಹಚ್ಚಂಗಿಲ್ಲ. ನೀನೂ ಅಷ್ಟೇ, ನಿನ್ನ ಅತಿಥಿಗಳೂ ಅಷ್ಟೇ, ರಾಷ್ಟ್ರಪತಿ ಬಂದ್ರೂ ಅಷ್ಟೇ,” ಎಂದು ಕಟ್ಟುನಿಟ್ಟಾಗಿ ಹೇಳಿದರು. ಸ್ವರ್ಗದ ಬಾಗಿಲು ಕಾಯುವ ಸಂತ ಪೇತ್ರನ ಹಬ್ಬ ಯಾವತ್ತು ಎಂದು ನಾನು ಫೋನನ್ನು ಕೇಳಿದೆ. ಅದು ಜೂನ್ ಇಪ್ಪತ್ತೊಂಬತ್ತು ಎಂದಿತು. ಚೌಕ ಅದನ್ನು ಸಂತೋಷದಿಂದ ಒಳಗೆ ಕರೆದುಕೊಂಡಿತು.

ಮಾನ್ಯರೇ, ನಮ್ಮ ಹಳ್ಳಿಯಲ್ಲಿ ಎರಡು ಚರ್ಚುಗಳಿವೆ, ಎರಡು ಪಂಚಾಂಗಗಳಿವೆ, ಎರಡರ ನಡುವೆ ಹದಿಮೂರು ದಿನಗಳಿವೆ. ಅಜ್ಜಿ ಹಳೆಯ ಪಂಚಾಂಗದವರು, ಅವರ ಪೇತ್ರ ಬರುವುದು ಜುಲೈ ಹನ್ನೆರಡಕ್ಕೆ. ಇದು ನನಗೆ ಗೊತ್ತಿರಲಿಲ್ಲವೇ ಎಂದು ತಾವು ಕೇಳಬಹುದು. ಡಿಸೆಂಬರಿನಲ್ಲಿ ಅಪ್ಪನ ಕಡೆ ಒಂದು, ಜನವರಿಯಲ್ಲಿ ಅಜ್ಜಿಯ ಕಡೆ ಒಂದು, ಹೀಗೆ ವರ್ಷಕ್ಕೆ ಎರಡು ಕ್ರಿಸ್ಮಸ್ಸುಗಳ ಉಡುಗೊರೆಗಳನ್ನು ಹತ್ತು ವರ್ಷ ಎರಡೂ ಕೈಯಿಂದ ಬಾಚಿಕೊಂಡು, ಹಾಸ್ಟೆಲಿನಲ್ಲಿ ಅದರ ಜಂಬವನ್ನೂ ಕೊಚ್ಚಿಕೊಂಡವಳು ನಾನು. ಆದರೆ ಕ್ರಿಸ್ಮಸ್ ಸರಿದರೆ ಅದರ ಹಿಂದೆಯೇ ಎಲ್ಲ ಸಂತರೂ ಸಾಲಾಗಿ ಸರಿಯುತ್ತಾರೆ ಎಂಬುದು ಮಾತ್ರ ನನ್ನ ತಲೆಗೆ ಹೊಳೆಯಲಿಲ್ಲ. ನಾನು ಕಾನೂನು ಪದವಿಯ ಮೊದಲ ವರ್ಷದಲ್ಲಿದ್ದೇನೆ, ಪಂಚಾಂಗ ಯಾವ ಸೆಮಿಸ್ಟರಿನಲ್ಲೂ ಇಲ್ಲ.

ಜುಲೈ ಒಂದಕ್ಕೆ ತಾವು ಕಳುಹಿಸಿದ ಅತಿಥಿಗಳು ಬಂದರು. ಡೆನ್ಮಾರ್ಕಿನ ನಿವೃತ್ತ ಗ್ರಂಥಪಾಲಕ ದಂಪತಿ, ಹೆನ್ನಿಂಗ್ ಮತ್ತು ಬಿರ್ಗಿಟ್ಟೆ. ಅವರಷ್ಟು ಗೌರವಸ್ಥರನ್ನು ನಮ್ಮ ಹಿತ್ತಿಲು ಈವರೆಗೆ ಕಂಡಿಲ್ಲ. ತಮ್ಮ ಮಾರ್ಗಸೂಚಿಯನ್ನು ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಕೊರಳಿಗೆ ನೇತುಹಾಕಿಕೊಂಡು ಬಂದಿದ್ದರು. ಹುರುಳಿಕಾಯಿ ಬಿಡಿಸುವಾಗ ಒಂದೊಂದು ಕಾಯಿಗೂ ಕೃತಜ್ಞತೆ ಹೇಳುತ್ತಿದ್ದುದರಿಂದ ಬೆಳಗಿನ ಸಾರಿಗೆ ಬೇಕಾದ ಹುರುಳಿಕಾಯಿ ಸಂಜೆಯ ಸಾರಿಗೆ ಸಿಕ್ಕಿತು. ಹೆನ್ನಿಂಗ್ ಅವರು ಸೊಪ್ಪಿನ ಮಡಿಯ ಮುಂದೆ ಮೊಣಕಾಲೂರಿ ಕುಳಿತದ್ದನ್ನು ಅಡುಗೆಮನೆಯ ಕಿಟಕಿಯಿಂದ ಕಂಡ ಅಜ್ಜಿ, “ಗಿಡದ ಹತ್ರ ಏನ್ ಮಾತಾಡ್ತಿದಾನೆ ಅವ್ನು?” ಎಂದು ಕೇಳಿದರು. ಕತ್ತರಿಸುವ ಮೊದಲು ಕ್ಷಮೆ ಕೇಳುತ್ತಿದ್ದಾರೆ ಎಂದೆ. “ಅದಕ್ಕೇನು ಮಾಡಿದಾನಂತೆ?” ಎಂದರು ಅಜ್ಜಿ. ಮೂರನೆಯ ದಿನದ ಹೊತ್ತಿಗೆ ಅವರಿಬ್ಬರ ಮೇಲೆ ಅಜ್ಜಿಗೆ ಎಷ್ಟು ಪ್ರೀತಿ ಬಂತೆಂದರೆ, ತಮ್ಮ ಸ್ವಂತ ಕತ್ತರಿಯನ್ನು ಕೊಟ್ಟರು. ಆ ಕತ್ತರಿಯನ್ನು ನನಗೆ ಇಂದಿಗೂ ಕೊಟ್ಟಿಲ್ಲ.

ಜುಲೈ ನಾಲ್ಕರಂದು ಬಿರ್ಗಿಟ್ಟೆ ಅವರು ಏಳನೆಯ ಅಂಶವನ್ನು ಪಾಲಿಸಿದರು. ಹುಳಿ ಚೆರ್ರಿಯ ಹೂರಣ ತುಂಬಿದ, ನಮ್ಮ ಕಡೆಯ ಹೋಳಿಗೆಯಂಥ ಪ್ಲಚಿಂತಾ ಮಾಡಿದರು. ಅಜ್ಜಿಗೆ ಪೇತ್ರನ ಉಪವಾಸ ನಡೆಯುತ್ತಿದೆ ಎಂದು ನನ್ನಿಂದ ಕೇಳಿ ತಿಳಿದು, ಬೆಣ್ಣೆ ಹಾಕಲಿಲ್ಲ, ಮೊಟ್ಟೆ ಹಾಕಲಿಲ್ಲ, ಹಿಟ್ಟನ್ನು ಬರೀ ಎಣ್ಣೆಯಲ್ಲಿ ನಾದಿದರು. ಇಂಥ ಸೂಕ್ಷ್ಮ ಎಷ್ಟು ಜನರಿಗಿರುತ್ತದೆ ಹೇಳಿ? ಮೊದಲ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಅಜ್ಜಿಗೆ ಕೊಟ್ಟರು. ಅಜ್ಜಿ ತಿಂದರು. “ರಸ ಒಂದ್ ತೊಟ್ಟೂ ಹೊರಗೆ ಬಂದಿಲ್ವಲ್ಲ, ಅದೇನು ಹಾಕಿದಾಳೋ ಕಳ್ಳಿ,” ಎಂದು ಇನ್ನೊಂದು ತುಂಡನ್ನೂ ತಿಂದರು. ಹೆನ್ನಿಂಗ್ ಫೋಟೋ ತೆಗೆದರು. ರಸ ಹೊರಗೆ ಬಾರದಂತೆ ಹೂರಣಕ್ಕೆ ಹಾಕಿದ್ದು, ದಿನಾಂಕ ಮುಕ್ತವಾಗಿ ಐದು ದಿನಗಳಾಗಿದ್ದ ಮರದಿಂದ ಗೌರವಪೂರ್ವಕವಾಗಿ ತಿರುಗಿಸಿ ಬಿಡಿಸಿದ, ತುರಿದ ಮೂರು ಪುಟ್ಟ ಸೇಬುಗಳು. ಸಿಪ್ಪೆಯನ್ನು ಕೋಳಿಗಳ ಬಕೆಟ್ಟಿನಲ್ಲಿ ನಾನೇ ನೋಡಿದೆ. ಒಳ್ಳೆಯ ಉಪಾಯ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅಜ್ಜಿ ಅಟ್ಟದಿಂದ ದೊಡ್ಡ ಬುಟ್ಟಿ ಇಳಿಸಿ, “ಪೇತ್ರನ ಹಬ್ಬಕ್ಕೆ ಇನ್ನು ಏಳೇ ದಿನ, ಇದನ್ನ ತೊಳೆದು ಬಿಸಿಲಿಗಿಡು ಮಗಾ,” ಎಂದರು. ಮುಗಿಯಿತಲ್ಲ ಅಜ್ಜಿ ಎನ್ನಲು ಹೊರಟ ನಾಲಿಗೆಯನ್ನು ಯಾವ ದೇವರು ಹಿಡಿದನೋ, ಅದರ ಬದಲು, ಅಷ್ಟು ದಿನ ಸೇಬು ಯಾಕೆ ಮುಟ್ಟಬಾರದು ಎಂದು ಕೇಳಿದೆ. ಒಲೆಯ ಮೇಲಿನ ಗೋಡೆಯಲ್ಲಿ ಟೋಪಿ ಹಾಕಿಕೊಂಡ ಒಬ್ಬ ಪುಟ್ಟ ಹುಡುಗನ ಫೋಟೋ ಇದೆ. ನೆಕುಲೈ, ಅಜ್ಜಿಯ ಚೊಚ್ಚಲ ಮಗ, ನನ್ನ ಅಮ್ಮ ಹುಟ್ಟುವ ಮೊದಲೇ ನಾಲ್ಕನೆಯ ವಯಸ್ಸಿನಲ್ಲಿ ಗಂಟಲಮಾರಿಯಿಂದ ತೀರಿಕೊಂಡವನು. ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಅಜ್ಜಿ ಬುಟ್ಟಿಯ ಧೂಳು ಕೊಡವುತ್ತ ಹೇಳಿದರು: “ಆವತ್ತು ಅಲ್ಲಿ ಮೇಲೆ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸ್ತಾರೆ. ಪೇತ್ರ ಒಬ್ಬೊಬ್ರಿಗೂ ಒಂದೊಂದು ಸೇಬು ಕೊಡ್ತಾ ಬರ್ತಾನೆ. ಅದಕ್ಕೆ ಮುಂಚೆ ಇಲ್ಲಿ ತಾಯಿ ತಿಂದಿದ್ರೆ, ನಿನ್ ಪಾಲು ನಿಮ್ಮಮ್ಮ ತಿಂದಾಯ್ತು ಮರಿ ಅಂತ ಹೇಳಿ ಮುಂದಿನವ್ನ ಹತ್ರ ಹೋಗ್ತಾನೆ. ಐವತ್ತು ವರ್ಷದಿಂದ ನಾನು ಮುಟ್ಟಿಲ್ಲ.”

ಮಾನ್ಯರೇ, ನಾನು ಇಂಥದ್ದನ್ನು ನಂಬುವವಳಲ್ಲ. ಆದರೆ ಟ್ರೇ ಹಿಡಿದು ಸಾಲಿನಲ್ಲಿ ನಿಂತು, ನನ್ನ ಸರದಿ ಬಂದಾಗ ಬಡಿಸುವವರು ನನ್ನನ್ನು ನೋಡದೆ ಹಿಂದಿನವಳಿಗೆ ಬಡಿಸುವುದು ಏನೆಂದು ನನಗೆ ಚೆನ್ನಾಗಿ ಗೊತ್ತು. ನಾನು ಬುಟ್ಟಿ ತೊಳೆದೆ. ಎರಡು ಸಲ ತೊಳೆದೆ. ಅಜ್ಜಿಗೆ ಏನೂ ಹೇಳಲಿಲ್ಲ.

ಅದರ ಬದಲು ತಮಗೆ ಬರೆದೆ. ತಮ್ಮ ಷರತ್ತುಗಳಲ್ಲಿ ಯಾವುದೇ ಸೇವೆಯನ್ನು ನಲವತ್ತೆಂಟು ಗಂಟೆಗಳೊಳಗೆ ಉಚಿತವಾಗಿ ರದ್ದು ಮಾಡಬಹುದು ಎಂದಿರುವುದರಿಂದ, ಜುಲೈ ನಾಲ್ಕರ ಮಧ್ಯಾಹ್ನ ಮೂರೂವರೆಗೆ ಸೇವಿಸಲಾದ ಎರಡು ತುಂಡು ಪ್ಲಚಿಂತಾವನ್ನು ರದ್ದು ಮಾಡಿಕೊಡಬೇಕೆಂದು ಕೋರಿದೆ. ತಮ್ಮ ಸಹಾಯವಾಣಿಯ ಯಂತ್ರ ಒಂದೇ ನಿಮಿಷದಲ್ಲಿ, ಹೂವಿನ ಚಿತ್ರ ಸಮೇತ, ‘ನಿಮ್ಮ ಸೇಬಿನ ಅನುಭವಕ್ಕೆ ಐದರಲ್ಲಿ ಎಷ್ಟು ನಕ್ಷತ್ರ?’ ಎಂದು ಕೇಳಿತು. ಅನುಭವ ನನ್ನದಲ್ಲ, ಅಜ್ಜಿಯದು, ಅದೂ ಅವರಿಗೆ ಆಗಿರುವುದು ಅವರಿಗೇ ಗೊತ್ತಿಲ್ಲ ಎಂದು ವಿವರಿಸಿದೆ. ಯಂತ್ರ ಮೂರು ನಕ್ಷತ್ರ ಎಂದು ಬರೆದುಕೊಂಡಿತು. ರದ್ದತಿ ಸಾಧ್ಯವಾಗದಿದ್ದರೆ, ಸದರಿ ತುಂಡುಗಳನ್ನು ಭಕ್ಷಿಸಿದ್ದು ಸಂಸ್ಥೆಯ ಏಳನೆಯ ಅಂಶದ ಒತ್ತಾಯದಿಂದಲೇ ಹೊರತು ತಾಯಿಯ ಇಚ್ಛೆಯಿಂದಲ್ಲ ಎಂಬ ಒಂದು ಸಾಲಿನ ದೃಢೀಕರಣವನ್ನು ಸಂಸ್ಥೆಯ ಮೊಹರಿನೊಂದಿಗೆ ಸ್ವರ್ಗದ ಬಾಗಿಲಲ್ಲಿರುವ ಸಂಬಂಧಪಟ್ಟವರಿಗೆ ಹನ್ನೆರಡನೇ ತಾರೀಖಿನೊಳಗೆ ತಲುಪಿಸಬೇಕೆಂದು ಮತ್ತೆ ಬರೆದೆ. ಆ ವಿಳಾಸ ತಮ್ಮ ಸೇವಾ ವ್ಯಾಪ್ತಿಯಲ್ಲಿಲ್ಲ ಎಂಬ ಉತ್ತರ ಬಂತು. ಯಂತ್ರದ ಪ್ರಾಮಾಣಿಕತೆಯನ್ನು ನಾನು ಮೆಚ್ಚಿದ್ದೇನೆ.

ಇಲ್ಲಿಗೇ ಬಿಟ್ಟಿದ್ದರೆ ನಾನು ಬಾಯಿ ಮುಚ್ಚಿಕೊಂಡು, ವಿಷಯ ಕೋಳಿಗಳ ಮತ್ತು ನನ್ನ ನಡುವೆ ಉಳಿದು, ಕಾಲೇಜಿಗೆ ಹಿಂದಿರುಗಿ ನೆಮ್ಮದಿಯಾಗಿ ನಿದ್ದೆಗೆಡುತ್ತಿದ್ದೆ. ಆದರೆ ಜುಲೈ ಎಂಟರಂದು ಹೆನ್ನಿಂಗ್ ಅವರು ಪಾಕವಿಧಾನ ಸಮೇತ ಕಳುಹಿಸಿದ್ದ ಫೋಟೋವನ್ನು ತಾವು ‘ಈ ವಾರದ ಗೌರವಯುತ ಕೊಯ್ಲು’ ಎಂದು ಆರಿಸಿದಿರಿ. ಅಜ್ಜಿಯ ಬಾಯಿ ತುಂಬಿದೆ, ತುಟಿಯ ಮೇಲೆ ಕೆಂಪು ರಸವಿದೆ, ಕಣ್ಣು ನಗುತ್ತಿದೆ. ಕೆಳಗೆ ತಾವು ಬರೆಸಿದ ಸಾಲು: ‘ತಮ್ಮ ಮರದ ಈ ವರ್ಷದ ಮೊಟ್ಟಮೊದಲ ಸೇಬನ್ನು ಸವಿಯುತ್ತಿರುವ ಆಕ್ಸೀನಿಯಾ ಅಜ್ಜಿ.’ ಹತ್ತು ಸಾವಿರ ಜನ ಅದಕ್ಕೆ ಹೃದಯದ ಗುರುತು ಒತ್ತಿದರು. ಹತ್ತು ಸಾವಿರದ ಒಂದನೆಯವರು ನಮ್ಮ ಹರೆತೀನಾ ಚಿಕ್ಕಜ್ಜಿ.

ಹರೆತೀನಾ ಚಿಕ್ಕಜ್ಜಿ ಎಂದರೆ ನನ್ನ ತಾತನ ತಂಗಿ, ಅಜ್ಜಿಗೆ ನಾದಿನಿ. ಮೂವತ್ತು ವರ್ಷದ ಹಿಂದೆ ಹೊಸ ಪಂಚಾಂಗದ ಚರ್ಚಿಗೆ ಹೋದವರು. ಅಂದಿನಿಂದ ಅತ್ತಿಗೆ ನಾದಿನಿ ಒಂದು ಹಬ್ಬವನ್ನೂ ಒಟ್ಟಿಗೆ ಉಂಡಿಲ್ಲ. ಒಬ್ಬರ ಈಸ್ಟರ್ ಮಾತ್ರ ಇನ್ನೊಬ್ಬರ ಈಸ್ಟರಿನ ದಿನವೇ ಬರುವುದರಿಂದ, ಅಂದು ಇಬ್ಬರೂ ಬೇರೆ ಬೇರೆ ಬೀದಿಯಲ್ಲಿ ಹೋಗುತ್ತಾರೆ. ನಿಜವಾಗಿ ಮುಖಾಮುಖಿಯಾಗುವುದು ಸಾವಿನ ಮನೆಯಲ್ಲಿ, ಏಕೆಂದರೆ ಸಾವು ಎರಡೂ ಪಂಚಾಂಗದಲ್ಲಿ ಒಂದೇ ದಿನ ಬರುತ್ತದೆ. ಅಂಥವರು ಒಂಬತ್ತನೇ ತಾರೀಖಿನ ಬೆಳಿಗ್ಗೆ, ಅಜ್ಜಿ ಹಿತ್ತಿಲಿನಲ್ಲಿ ಕೂದಲಪಿನ್ನಿನಿಂದ ಚೆರ್ರಿಯ ಬೀಜ ತೆಗೆಯುತ್ತಿದ್ದಾಗ, ಯಾರೂ ಸತ್ತಿಲ್ಲದಿದ್ದರೂ, ಫೋನನ್ನು ಆರತಿಯ ತಟ್ಟೆಯಂತೆ ಮುಂದೆ ಹಿಡಿದುಕೊಂಡು ಗೇಟು ದಾಟಿ ಬಂದರು.

“ಅತ್ತಿಗೇ, ನಮ್ ಪಂಚಾಂಗಕ್ಕೆ ಯಾವಾಗ ಬಂದ್ರಿ? ಒಂದ್ ಮಾತು ಹೇಳಿದ್ರೆ ಬ್ಯಾಂಡ್ ಸೆಟ್ ಕರೆಸ್ತಿದ್ನಲ್ಲ!”

ಅಜ್ಜಿ ಫೋಟೋ ನೋಡಿ, ಅದು ಚೆರ್ರಿ ಎಂದರು. ಕೆಳಗೆ ಸೇಬು ಅಂತ ಬರೆದಿದೆ, ಬೇಕಾದರೆ ಮೊಮ್ಮಗಳ ಕೈಯಲ್ಲಿ ಓದಿಸಿ ಎಂದರು ಚಿಕ್ಕಜ್ಜಿ. ಅಜ್ಜಿ ನನ್ನ ಕಡೆ ತಿರುಗಿದರು. ಫೋನು, ಚೌಕ, ಇಪ್ಪತ್ತೊಂಬತ್ತು, ತುರಿದದ್ದು, ಬಕೆಟ್ಟು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅಜ್ಜಿ ಏಪ್ರನ್ನಿಗೆ ಕೈ ಒರೆಸಿಕೊಂಡು, “ನಿಮ್ಮಪ್ಪನ ಕಡೆ ಪೇತ್ರನ್ನ ಕೇಳಿದೀಯ,” ಎಂದರು, ಅಷ್ಟೇ. ಆಮೇಲೆ ಎಷ್ಟು ಸೇಬು ಎಂದು ಕೇಳಿದರು. ಮೂರು ಎಂದೆ.

“ನಾನ್ ತಿಂದಿದ್ದು ಎರಡು ತುಂಡು. ಅದ್ರಲ್ಲಿ ಒಂದು ಸೇಬಿನಷ್ಟಿರುತ್ತಾ?”

“ಇಲ್ಲ ಅಜ್ಜಿ. ಅರ್ಧ ಇರ್ಬಹುದು.”

“ಅರ್ಧ ಉಳಿದಿದ್ರೆ ಅರ್ಧ ಕೊಡ್ತಾನಾ?” ಎಂದು ಅಜ್ಜಿ ಕೇಳಿದರು. ಅದು ನನ್ನನ್ನು ಕೇಳಿದ್ದಲ್ಲ, ಚಿಕ್ಕಜ್ಜಿಯನ್ನು ಕೇಳಿದ್ದೂ ಅಲ್ಲ.

ಹಂಗಿಸಲೆಂದೇ ಬಂದಿದ್ದ ಚಿಕ್ಕಜ್ಜಿ ಫೋನನ್ನು ಮಡಿಲಿಗೆ ಹಾಕಿಕೊಂಡು, ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಳಿತರು. “ನೆಕುಲೈಗೆ ಸಿಕ್ಕಾಯ್ತು ಬಿಡಿ ಅತ್ತಿಗೆ. ನೀವು ತಿನ್ನೋಕೆ ಮುಂಚೆನೇ. ಇಪ್ಪತ್ತೊಂಬತ್ತಕ್ಕೇ.”

“ಯಾರ್ ಕೊಟ್ರು?”

“ನಾನು. ಬಾವಿ ಹತ್ರ ಆಡೋ ಮಕ್ಕಳಿಗೆ ಅವನ ಹೆಸ್ರು ಹೇಳಿ ಹಂಚ್ತೀನಲ್ಲ, ಅದು ಅವನಿಗೆ ಮುಟ್ಟುತ್ತೆ. ವರ್ಷಾ ವರ್ಷಾ ಕೊಡ್ತೀನಿ. ಸೋದರತ್ತೆ ಅಲ್ವಾ ನಾನು? ನಿಮ್ಗೆ ಹೇಳಿದ್ರೆ ಬೈತಿದ್ರಿ, ಹೇಳ್ಲಿಲ್ಲ.”

“ಎಷ್ಟು ವರ್ಷದಿಂದ?”

“ಆ ಚರ್ಚಿಗೆ ಹೋದಾಗಿಂದ. ಮೂವತ್ತಾಯ್ತು.”

ಅಜ್ಜಿ ಒಂದಾದ ಮೇಲೊಂದರಂತೆ ಏಳು ಚೆರ್ರಿಗಳ ಬೀಜ ತೆಗೆದರು. ಇಪ್ಪತ್ತೊಂಬತ್ತಕ್ಕೆ ಅತ್ತೆಯದೊಂದು, ಹದಿಮೂರು ದಿನ ಬಿಟ್ಟು ತಾಯಿಯದೊಂದು, ಹೀಗೆ ಆ ಹುಡುಗ ಮೂವತ್ತು ವರ್ಷದಿಂದ ಎರಡೆರಡು ಸೇಬು ತಿನ್ನುತ್ತಿದ್ದಾನೆ ಎಂಬುದು ಅವರ ಮನಸ್ಸಿನಲ್ಲಿ ಇಳಿಯುತ್ತಿದೆ, ಈಗ ಅತ್ತಿಗೆ ನಾದಿನಿಯರು ತಬ್ಬಿಕೊಂಡು ಅಳುತ್ತಾರೆ ಎಂದು ನಾನು ಕಾಗದದ ಕರವಸ್ತ್ರ ಹುಡುಕಿದೆ.

“ಆ ದಿನಕ್ಕೆ ನಮ್ಮೂರ ಸೇಬು ಇನ್ನೂ ಕಾಯಿ ಕಣೇ ಹರೆತೀನಾ!” ಎಂದು ಅಜ್ಜಿ ಪಿನ್ನನ್ನು ಎತ್ತಿ ಹಿಡಿದರು. “ಹಲ್ಲು ಚುಳ್ಳನ್ನುತ್ತೆ! ಮೂವತ್ತು ವರ್ಷದಿಂದ ನನ್ ಮಗುಗೆ ಹುಳಿ ಕಾಯಿ ತಿನ್ನಿಸಿದೀಯಾ?”

“ಸಕ್ಕರೆ ಹಚ್ಚಿ ಕೊಟ್ಟೆ ಅತ್ತಿಗೆ.”

“ಎಷ್ಟು ಹಚ್ಚಿದೆ?”

ಸಕ್ಕರೆಯ ಪ್ರಮಾಣದ ಮೇಲಿನ ವಾದ ಮಧ್ಯಾಹ್ನದ ಊಟದವರೆಗೂ ನಡೆಯಿತು, ಊಟದ ಮೇಲೂ ನಡೆಯಿತು, ಏಕೆಂದರೆ ಚಿಕ್ಕಜ್ಜಿ ಊಟಕ್ಕೆ ಉಳಿದರು. ಅಳು ಯಾರಿಗೂ ಬರಲಿಲ್ಲ, ಬಿರ್ಗಿಟ್ಟೆ ಅವರೊಬ್ಬರನ್ನು ಬಿಟ್ಟು. ಏನು ನಡೆಯಿತೆಂದು ನಾನು ವಿವರಿಸಿದಾಗ ಅವರು ಸೇಬಿನ ಮರದ ಹತ್ತಿರ ಹೋಗಿ ಬಹಳ ಹೊತ್ತು ನಿಂತು ಬಂದರು. ಮರದ ಹತ್ತಿರ ಏನು ಮಾತಾಡಿದಳು ಎಂದು ಈ ಸಲ ಅಜ್ಜಿ ಕೇಳಲಿಲ್ಲ.

ಹನ್ನೆರಡನೇ ತಾರೀಖು ಬುಟ್ಟಿ ತುಂಬಿತು. ಅಜ್ಜಿ ಗೇಟಿನಲ್ಲಿ ನಿಂತು ನೆಕುಲೈಯ ಹೆಸರು ಹೇಳಿ ಹಾದುಹೋಗುವವರಿಗೆಲ್ಲ ಸೇಬು ಕೊಟ್ಟರು. ಪಕ್ಕದಲ್ಲಿ ಚಿಕ್ಕಜ್ಜಿ, ತನಗೆ ಈ ಹಬ್ಬ ಎಂದೋ ಮುಗಿದಿದೆ, ಬರೀ ಬುಟ್ಟಿ ಹಿಡಿಯಲು ಬಂದಿದ್ದೇನೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತ ನಿಂತಿದ್ದರು. ಎಲ್ಲರಿಗೂ ಕೊಟ್ಟು ಉಳಿದದ್ದನ್ನು ನಮಗೂ ಹಂಚಿದ ಅಜ್ಜಿ, ತಾವು ಮಾತ್ರ ತೆಗೆದುಕೊಳ್ಳಲಿಲ್ಲ. “ನಂದು ಆಗ್ಲೇ ಆಗಿದೆ,” ಎಂದರು.

ಆದ್ದರಿಂದ ಮಾನ್ಯರೇ, ದಿನಾಂಕ ತುಂಬಿದವಳು ನಾನೆಂದೂ, ಏಳನೆಯ ಅಂಶ ತಮ್ಮದೆಂದೂ, ಹದಿಮೂರು ದಿನ ಯಾರದೆಂದು ಗೊತ್ತಿಲ್ಲವೆಂದೂ ಒಪ್ಪಿಕೊಂಡು, ಈ ಕೆಳಗಿನದನ್ನು ಕೋರುತ್ತೇನೆ. ಫೋಟೋ ತೆಗೆಸಿಹಾಕಬೇಕೆಂಬ ನನ್ನ ಮೂರನೆಯ ಕಾಗದದ ಬೇಡಿಕೆಯನ್ನು ಅಜ್ಜಿಯ ಆಜ್ಞೆಯಂತೆ ಹಿಂತೆಗೆದುಕೊಂಡಿದ್ದೇನೆ, ಅದರಲ್ಲಿ ಅಜ್ಜಿ ಚೆನ್ನಾಗಿ ಬಂದಿದ್ದಾರೆ ಎಂಬುದು ಸ್ವತಃ ಅಜ್ಜಿಯ ಅಭಿಪ್ರಾಯ. ಆದರೆ ಕೆಳಗಿನ ಸಾಲಿಗೆ ‘ಹೊಸ ಪಂಚಾಂಗದ ಪ್ರಕಾರ ಪೇತ್ರನ ಹಬ್ಬ ಮುಗಿದ ಮೇಲೆ ತೆಗೆದದ್ದು’ ಎಂದು ಸೇರಿಸಬೇಕು. ಮೇಲಿನವರು ಯಾರಾದರೂ ನೋಡಿದರೆ ಗೊಂದಲವಾಗಬಾರದು. ತಮ್ಮ ನಮೂನೆಯ ದಿನಾಂಕದ ಚೌಕವನ್ನು ಇಬ್ಬರು ಪೇತ್ರರು ಕೂರುವಷ್ಟು ಅಗಲ ಮಾಡಬೇಕು. ಏಳನೆಯ ಅಂಶದಲ್ಲಿ, ಮೊದಲ ತುತ್ತು ಕೊಡುವ ಮುಂಚೆ ಈ ಮನೆಯಲ್ಲಿ ಯಾರಾದರೂ ತುತ್ತು ಬಿಟ್ಟಿದ್ದಾರೆಯೇ, ಯಾರಿಗಾಗಿ ಬಿಟ್ಟಿದ್ದಾರೆ ಎಂದು ಕೇಳಬೇಕೆಂಬುದನ್ನು ಸೇರಿಸಬೇಕು. ದಪ್ಪಕ್ಷರ ಬೇಡ. ಮತ್ತು ಚಿಕ್ಕಜ್ಜಿ ಹಚ್ಚಿದೆನೆನ್ನುವ ಒಂದೂವರೆ ಚಮಚ ಸಕ್ಕರೆ ಒಂದು ಹುಳಿ ಕಾಯಿಗೆ ಸಾಲುತ್ತದೆಯೇ ಇಲ್ಲವೇ ಎಂಬ ಬಗ್ಗೆ ಸಂಸ್ಥೆಯ ಪಾಕತಜ್ಞರಿಂದ ಲಿಖಿತ ಅಭಿಪ್ರಾಯ ಕೊಡಿಸಬೇಕು. ಅದು ಮುಂದಿನ ಜೂನ್ ಇಪ್ಪತ್ತೊಂಬತ್ತರೊಳಗೆ ಬಂದರೆ ಉಪಕಾರವಾಗುತ್ತದೆ, ಏಕೆಂದರೆ ಆ ದಿನ ಹೊಸ ಚರ್ಚಿನ ಬಾವಿಯ ಹತ್ತಿರ ನಿಂತು ಎಷ್ಟು ಹಚ್ಚುತ್ತಾಳೋ ಕಣ್ಣಾರೆ ನೋಡುವುದಾಗಿ ಅಜ್ಜಿ ಈಗಲೇ ಹೇಳಿದ್ದಾರೆ.

ಷರತ್ತುಗಳಿಗೆ ಒಳಪಟ್ಟು,
ತಮ್ಮ ವಿಶ್ವಾಸಿ,
ಸ್ಮರಾಂದಾ ವಿಟ್‌ಲಾಕ್
(ಆಕ್ಸೀನಿಯಾ ಅವರ ಮೊಮ್ಮಗಳು, ಕಾನೂನು ಪದವಿ, ಪ್ರಥಮ ವರ್ಷ)

ಮರೆತ ಮಾತು: ಹನ್ನೆರಡರಂದು ಅಜ್ಜಿ, ವಿಭಾಗದ ಮುಖ್ಯಸ್ಥರಾದ ತಮ್ಮ ಹೆಸರು ಹೇಳಿಯೂ ಒಂದು ಸೇಬು ಹಂಚಿದರು. ಹಂಚುವುದು ತೀರಿಕೊಂಡವರ ಹೆಸರಿನಲ್ಲಿ ಮಾತ್ರವಲ್ಲವೇ, ಇವರು ದೊಡ್ಡ ಕಚೇರಿಯೊಂದರ ಮುಖ್ಯಸ್ಥರು ಎಂದೆ. “ಮೂರು ಕಾಗದ ಬರೆದ್ರೂ ಮಿಷಿನ್ ಬಿಟ್ರೆ ಯಾರೂ ಮಾತಾಡ್ಲಿಲ್ಲ ಅಂದ್ಯಲ್ಲ, ಇನ್ನೇನು ಉಳ್ದಿದೆ ಪಾಪ,” ಎಂದರು. ತಾವು ಬದುಕಿದ್ದಲ್ಲಿ ದಯವಿಟ್ಟು ತಿಳಿಸಿ.